ಅಂದು ಉಗ್ಗನ್ನು ಅಣಕಿಸಿದವಳು, ಇಂದು ಮದುವೆಯಾಗಲು ಹೊರಟವಳು

ಪ್ರಶ್ನೆ: ನನಗೆ 32 ವರ್ಷ. ಊರು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ, ಕೆಲಸ ಬೆಂಗಳೂರಿನಲ್ಲಿ. ಚಿಕ್ಕಂದಿನಿಂದಲೂ ಉಗ್ಗು ಇದೆ. ಎಂಟನೇ ಕ್ಲಾಸಿನಿಂದ ಹತ್ತರವರೆಗೆ ನಮ್ಮ ಕ್ಲಾಸ್ ಲೀಡರ್ ಆಗಿದ್ದ ಹುಡುಗಿ ನನ್ನ ಬೆನ್ನು ಬಿದ್ದಿದ್ದಳು. ಕನ್ನಡ ಪೀರಿಯಡ್ಡಿನಲ್ಲಿ ಮೇಷ್ಟ್ರು ಎಬ್ಬಿಸಿ ಪಾಠ ಓದಿಸುವಾಗ ಒಂದು ಪದ ಸಿಕ್ಕಿಹಾಕಿಕೊಂಡರೆ ಸಾಕು, ಮುಂದಿನ ಬೆಂಚಿನಿಂದ ಹಿಂದಕ್ಕೆ ತಿರುಗಿ ಬೆರಳೆತ್ತಿ ಎಣಿಸಲು ಶುರುಮಾಡುತ್ತಿದ್ದಳು. ಪದ ಹೊರಗೆ ಬರುವವರೆಗೆ ಇಡೀ ಕ್ಲಾಸು ಸದ್ದಿಲ್ಲದೆ ಬಾಯಾಡಿಸುತ್ತಾ ಜೊತೆಗೂಡುತ್ತಿತ್ತು. ‘ಕ್ಯಾಸೆಟ್ಟು’ ಅಂತ ಹೆಸರಿಟ್ಟವಳೂ ಅವಳೇ. ಸೋಮವಾರ ಬಂತೆಂದರೆ ನನಗೆ ಹೊಟ್ಟೆನೋವು. ಅಮ್ಮ ಎಷ್ಟೋ ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು.

ನಮ್ಮ 2009ರ ಎಸ್ಸೆಸ್ಸೆಲ್ಸಿ ಬ್ಯಾಚಿನವರು ಗುರುವಂದನೆ ಇಟ್ಟುಕೊಂಡಾಗ ವಾಟ್ಸ್ಆ್ಯಪ್ ಗ್ರೂಪ್ ಆಯಿತು. ಮೊದಲು ಅಲ್ಲೇ ಜಗಳ. ಟೈಪ್ ಮಾಡುವಾಗ ಉಗ್ಗು ಅಡ್ಡ ಬರುವುದಿಲ್ಲವಲ್ಲ, ಚೆನ್ನಾಗಿಯೇ ತಿರುಗಿಸಿ ಕೊಟ್ಟೆ. ಒಂದು ರಾತ್ರಿ ಅವಳು ಬೇರೆಯಾಗಿ ಮೆಸೇಜ್ ಮಾಡಿ, ‘ಆಗ ಚಿಕ್ಕವರು, ತಮಾಷೆಗೆ ಮಾಡ್ತಿದ್ವಿ, ಬೇಜಾರಾಗಿದ್ರೆ ಸಾರಿ’ ಅಂದಳು. ಅಲ್ಲಿಂದ ಮಾತು ಬೆಳೆಯಿತು. ಈಗ ಹತ್ತು ತಿಂಗಳಾಯಿತು, ಇಬ್ಬರಿಗೂ ಮದುವೆಯಾಗುವ ಮನಸ್ಸಿದೆ. ಶ್ರಾವಣದಲ್ಲಿ ಮನೆಯವರನ್ನು ಕೂರಿಸಿ ಮಾತಾಡಿಸೋಣ ಎನ್ನುತ್ತಿದ್ದಾಳೆ.

ಆದರೆ ಕಳೆದ ತಿಂಗಳು ಅವಳ ಗೆಳತಿಯ ಗೃಹಪ್ರವೇಶದಲ್ಲಿ ಹಳೇ ಗುಂಪಿನ ಒಬ್ಬಳು ‘ಏನ್ ಕ್ಯಾಸೆಟ್ಟು, ಹೇಗಿದೀಯ?’ ಅಂದಳು. ಇವಳು ನಕ್ಕು ಸುಮ್ಮನಾದಳು. ಆಮೇಲೆ ಒಂದು ಗಂಟೆ ನನ್ನ ಗಂಟಲು ಬಿಡಲೇ ಇಲ್ಲ. ಹೋಟೆಲಿನಲ್ಲಿ ನಾನು ‘ಪೂರಿ’ ಎನ್ನುವಷ್ಟರಲ್ಲಿ ಅವಳೇ ಆರ್ಡರ್ ಕೊಟ್ಟುಬಿಡುತ್ತಾಳೆ. ಇನ್ನೊಂದು ಮಾತು, ಹೇಳಿಕೊಳ್ಳಲು ನಾಚಿಕೆ: ಒಮ್ಮೆ ಹಳೆಯದನ್ನೆಲ್ಲ ಕೆದಕಿದಾಗ ಅವಳು ಅತ್ತಳು, ನನಗೆ ಒಳಗೊಳಗೇ ಸಮಾಧಾನವಾಯಿತು. ಸ್ನೇಹಿತನೊಬ್ಬ ‘ಇದು ಸ್ಟಾಕ್‌ಹೋಮ್ ಸಿಂಡ್ರೋಮ್ ಕಣೋ’ ಅಂತಾನೆ. ಅಮ್ಮನಿಗೆ ಆ ಹುಡುಗಿ ಇವಳೇ ಅಂತ ಗೊತ್ತಿಲ್ಲ. ಇದು ಪ್ರೀತಿಯಾ? ಮುಂದುವರಿಯಬಹುದಾ? ಅಮ್ಮನಿಗೆ ಹೇಳಲಾ?

ಉತ್ತರ: ನೀವು ಕೇಳಿರುವುದು ‘ಇದು ಪ್ರೀತಿಯಾ’ ಎಂದು. ಪತ್ರ ಎರಡು ಸಲ ಓದಿದ ಮೇಲೆ ಅನಿಸಿದ್ದು, ಆ ಬಗ್ಗೆ ನಿಮಗೆ ಅಂಥ ಅನುಮಾನವೇನೂ ಇಲ್ಲ. ನಿಮ್ಮ ಹೆದರಿಕೆ ಬೇರೆ. ಮದುವೆಯಾದ ಮೇಲೆ, ನಾಲ್ಕು ಜನ ಕೂತಿರುವಾಗ, ಆಕೆ ಮತ್ತೆ ಬೆರಳೆತ್ತಿದರೆ? ಅಥವಾ ಬೇರೆಯವರು ಎತ್ತಿದಾಗ ಆಕೆ ಮತ್ತೆ ನಕ್ಕು ಸುಮ್ಮನಾದರೆ? ಆ ಹೆದರಿಕೆಗೆ ಕಾರಣವಿದೆ, ಅದನ್ನು ಪರೀಕ್ಷಿಸುವ ದಾರಿಯೂ ಇದೆ.

ಮೊದಲು ‘ಶತ್ರು’ ಎಂಬ ಪದವನ್ನು ಸರಿಮಾಡಿಕೊಳ್ಳೋಣ. ಶತ್ರುಗಳಾಗಿದ್ದವರು ಪ್ರೇಮಿಗಳಾಗುವ ಕತೆ ಎಲ್ಲರಿಗೂ ಇಷ್ಟ. ಅವನೊಂದು ಮಾತು, ಅವಳೊಂದು ಮಾತು, ಕೊನೆಗೆ ಇಬ್ಬರೂ ಸೋಲುತ್ತಾರೆ. ಅದು ಸಮಬಲರ ಜಗಳ. ನಿಮ್ಮ ಕ್ಲಾಸಿನಲ್ಲಿ ನಡೆದದ್ದು ಅದಲ್ಲ. ಮಕ್ಕಳ ನಡುವಿನ ಕಿರುಕುಳವನ್ನು 1970ರ ದಶಕದಿಂದ ಅಧ್ಯಯನ ಮಾಡಿದ ಡಾನ್ ಓಲ್ವೆಯಸ್ ಅದಕ್ಕೆ ಹೇಳಿದ ಲಕ್ಷಣಗಳು ಇಂದಿಗೂ ಬಳಕೆಯಲ್ಲಿವೆ: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಮತ್ತು ಇಬ್ಬರ ನಡುವೆ ಬಲದ ಅಂತರ. ಆಕೆ ಕ್ಲಾಸ್ ಲೀಡರ್, ಹಿಂದೆ ಇಡೀ ಕ್ಲಾಸು. ನೀವು ಬಾಯಿ ತೆರೆದರೆ ಮಾತು ಬರದು. ತಿರುಗಿ ಬೈಯಲೂ ಆಗದವನನ್ನು ಶತ್ರು ಎನ್ನುವುದಿಲ್ಲ. ‘ಕಾಡಿಸೋದು ಅಂದ್ರೆ ಒಳಗೊಳಗೆ ಇಷ್ಟ ಅಂತ’ ಎಂದು ನಮ್ಮ ಸಿನಿಮಾಗಳು ಎಷ್ಟು ಸಲ ಹೇಳಿಕೊಟ್ಟರೂ, ಎಂಟನೇ ಕ್ಲಾಸಿನ ಆ ಎಣಿಕೆಯಲ್ಲಿ ಪ್ರೀತಿಯನ್ನು ಹುಡುಕಬೇಡಿ. ಅಲ್ಲಿದ್ದದ್ದು ಕ್ಲಾಸಿನ ಚಪ್ಪಾಳೆಯ ಆಸೆ. ಹುಡುಗಿಯ ಕೈಲಿ ಹುಡುಗ ಅವಮಾನ ಪಟ್ಟರೆ ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ಅದೂ ಸೇರಿಕೊಂಡಿತು. ಮೇಷ್ಟ್ರಿಗೆ ದೂರು ಕೊಟ್ಟಿದ್ದರೆ ಅವರೂ ನಗುತ್ತಿದ್ದರೇನೋ.

ನಿಮ್ಮ ಪ್ರೀತಿ ಶುರುವಾದ ಜಾಗವನ್ನು ಗಮನಿಸಿ. ಟೈಪ್ ಮಾಡುವ ಜಾಗ. ಅಲ್ಲಿ ನಿಮ್ಮ ಮಾತಿಗೆ ತಡೆಯಿಲ್ಲ, ಮೊದಲ ಬಾರಿಗೆ ಇಬ್ಬರ ಬಲವೂ ಒಂದೇ ಆಯಿತು. ನಿಜವಾದ ಜಗಳ ಆದದ್ದೂ ಆಗಲೇ, ಅದರ ಬೆನ್ನಿಗೇ ಪ್ರೀತಿ ಬಂತು. ಹಾಗಾಗಿ ಈ ಪ್ರೀತಿ ಸುಳ್ಳಿನ ಮೇಲೆ ನಿಂತಿಲ್ಲ. ತೊಂದರೆ ಏಳುವುದು ಸಭೆಯಲ್ಲಿ, ಹೋಟೆಲಿನಲ್ಲಿ, ಗೃಹಪ್ರವೇಶದಲ್ಲಿ. ಅಂದರೆ ಬಾಯಲ್ಲಿ ಮಾತಾಡಬೇಕಾದ, ಹಳೇ ಪ್ರೇಕ್ಷಕರು ಇರುವ ಕಡೆಗಳಲ್ಲಿ. ಸಮಬಲ ಫೋನಿನೊಳಗಿದೆ, ಹೊರಗೆ ಇನ್ನೂ ಬಂದಿಲ್ಲ.

ಸ್ನೇಹಿತರ ಸ್ಟಾಕ್‌ಹೋಮ್ ಸಿಂಡ್ರೋಮನ್ನು ಬದಿಗಿಡಿ. 1973ರ ಆಗಸ್ಟ್‌ನಲ್ಲಿ ಸ್ಟಾಕ್‌ಹೋಮಿನ ಒಂದು ಬ್ಯಾಂಕಿನೊಳಗೆ ನಾಲ್ವರು ಆರು ದಿನ ಒತ್ತೆಯಾಗಿದ್ದರು. ಅವರು ಪೊಲೀಸರಿಗಿಂತ ಒತ್ತೆ ಇಟ್ಟವರ ಪರ ಮಾತಾಡಿದ್ದರಿಂದ ಹುಟ್ಟಿದ ಹೆಸರದು. ಮನೋರೋಗಗಳ ಅಧಿಕೃತ ಪಟ್ಟಿಯಲ್ಲಿ ಅದು ಇಲ್ಲ. ನೀವಂತೂ ಯಾರ ಸೆರೆಯಲ್ಲೂ ಇಲ್ಲ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಆಕೆಯ ಮುಖವನ್ನೂ ನೋಡದೆ ಬದುಕಿದ್ದೀರಿ.

ಆದರೆ ಎರಡು ವಿಷಯ ಪ್ರೀತಿಯ ವೇಷ ಹಾಕಿ ಬರಬಹುದು, ಅವುಗಳನ್ನು ಗುರುತಿಸಲು ಕಲಿಯಬೇಕು. ಒಂದು, ಎದೆಬಡಿತ. 1974ರಲ್ಲಿ ಕೆನಡಾದ ವ್ಯಾಂಕೂವರ್ ಬಳಿಯ ಕ್ಯಾಪಿಲಾನೊ ತೂಗುಸೇತುವೆಯ ಮೇಲೆ ಡಟನ್ ಮತ್ತು ಆ್ಯರನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಅಲ್ಲಾಡುವ ಸೇತುವೆಯ ಮೇಲೆ ಒಬ್ಬ ಯುವತಿಯ ಪ್ರಶ್ನೆಗಳಿಗೆ ಉತ್ತರಿಸಿದ ಗಂಡಸರು, ಗಟ್ಟಿ ಸೇತುವೆಯ ಮೇಲೆ ಉತ್ತರಿಸಿದವರಿಗಿಂತ ಹೆಚ್ಚಾಗಿ ಆಮೇಲೆ ಆಕೆಗೆ ಫೋನ್ ಮಾಡಿದರು. ಭಯದಿಂದ ಹೊಡೆದುಕೊಂಡ ಎದೆಯನ್ನು ಆಕರ್ಷಣೆ ಎಂದು ಓದಿಕೊಂಡರು ಎನ್ನುವುದು ಅವರ ವಿವರಣೆ. ಆ ಒಂದು ಪ್ರಯೋಗದ ಮೇಲೆ ಮನೆ ಕಟ್ಟಬೇಕಿಲ್ಲ, ಆದರೆ ಸಂಗತಿ ಉಪಯೋಗಕ್ಕೆ ಬರುತ್ತದೆ. ಆಕೆ ಎದುರು ಬಂದ ಕೂಡಲೇ ಎದೆ ಹೊಡೆದುಕೊಳ್ಳುವುದರಿಂದ ಏನೂ ತಿಳಿಯದು. ಇಪ್ಪತ್ತು ನಿಮಿಷ ಜೊತೆಗೆ ಕೂತ ಮೇಲೆ ಭುಜ ಸಡಿಲಾಗುತ್ತದೆಯೇ, ಮಾತು ಸಲೀಸಾಗುತ್ತದೆಯೇ, ಮನೆಗೆ ಹೋದ ರಾತ್ರಿ ನಿದ್ದೆ ಬರುತ್ತದೆಯೇ ಎಂದು ನೋಡಿ.

ಇನ್ನೊಂದು, ಶಹಬ್ಬಾಸ್‌ನ ರುಚಿ. ವರ್ಷವಿಡೀ ಬೈದ ಮೇಷ್ಟ್ರು ಒಂದು ದಿನ ಬೆನ್ನು ತಟ್ಟಿದರೆ, ದಿನವೂ ತಟ್ಟುವವರಿಗಿಂತ ಅವರೇ ದೊಡ್ಡವರಾಗಿ ಕಾಣುತ್ತಾರೆ. ಅಂದು ನಿಮ್ಮನ್ನು ಕೀಳು ಮಾಡಿದವಳೇ ಇಂದು ಮೆಚ್ಚಿದರೆ ಹಳೇ ತೀರ್ಪನ್ನೇ ಅಳಿಸಿಹಾಕಿದಂತೆ ಅನಿಸುತ್ತದೆ. ಇದರಲ್ಲಿ ತಪ್ಪಿಲ್ಲ. ಆದರೆ ಆಕೆ ಒಂದು ದಿನ ಮೆಸೇಜಿಗೆ ಉತ್ತರಿಸದಿದ್ದರೆ ‘ಬ್ಯುಸಿ ಇರಬೇಕು’ ಎನಿಸುತ್ತದೆಯೋ, ‘ನಾನು ಮತ್ತೆ ಕ್ಯಾಸೆಟ್ಟಾದೆ’ ಎನಿಸುತ್ತದೆಯೋ? ಎರಡನೆಯದಾದರೆ ನಿಮ್ಮ ಬೆಲೆಯನ್ನು ಕಟ್ಟುವ ಕೆಲಸ ಇನ್ನೂ ಆಕೆಯ ಕೈಯಲ್ಲೇ ಇದೆ.

‘ಇಷ್ಟು ವರ್ಷವಾಯಿತು, ಇನ್ನೂ ಯಾಕೆ ಮರೆತಿಲ್ಲ’ ಎಂದು ನಿಮ್ಮನ್ನು ನೀವೇ ಬೈದುಕೊಳ್ಳುತ್ತಿದ್ದರೆ, ಬಿಡಿ. 1958ರಲ್ಲಿ ಬ್ರಿಟನ್ನಿನಲ್ಲಿ ಒಂದೇ ವಾರದಲ್ಲಿ ಹುಟ್ಟಿದ ಮಕ್ಕಳನ್ನು ಬೆನ್ನುಹತ್ತಿ ನಡೆಸಿದ ಅಧ್ಯಯನವೊಂದಿದೆ. ಅದರ 7,771 ಮಕ್ಕಳ ಮಾಹಿತಿಯನ್ನು ನೋಡಿದ ಸಂಶೋಧಕರು, ಏಳು ಮತ್ತು ಹನ್ನೊಂದನೇ ವಯಸ್ಸಿನಲ್ಲಿ ಪದೇಪದೇ ಕಿರುಕುಳಕ್ಕೆ ಸಿಕ್ಕವರಲ್ಲಿ ಐವತ್ತನೇ ವಯಸ್ಸಿನಲ್ಲೂ ಖಿನ್ನತೆಯಂಥ ತೊಂದರೆಗಳು ಹೆಚ್ಚು ಎಂದು 2014ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಹಾಗಾಗುತ್ತದೆ ಎಂದಲ್ಲ. ವರ್ಷ ಕಳೆದ ಮಾತ್ರಕ್ಕೆ ಹೋಗಿಬಿಡುವ ನೋವಲ್ಲ ಎಂದಷ್ಟೇ. ಉಗ್ಗಿನ ಬಗ್ಗೆಯೂ ಒಂದು ಮಾತು: ಅದು ಆಕೆಯಿಂದ ಬಂದದ್ದಲ್ಲ. ಸಾಮಾನ್ಯವಾಗಿ ಎರಡರಿಂದ ಐದು ವರ್ಷದ ನಡುವೆ ಶುರುವಾಗುವ, ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಸಂಗತಿ ಅದು. ವಯಸ್ಕರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಇರುತ್ತದೆ. ಎಣಿಸುವವರು ಎದುರಿದ್ದರೆ ಜಾಸ್ತಿಯಾಗುತ್ತದೆ, ಅಷ್ಟೇ. ಗೃಹಪ್ರವೇಶದಲ್ಲಿ ಆದದ್ದೂ ಅದೇ.

ಇನ್ನು ‘ಒಮ್ಮೆ ಕಾಡಿಸಿದವರು ಯಾವಾಗಲೂ ಹಾಗೇ’ ಎನ್ನುವುದೂ ನಿಜವಲ್ಲ. ಹದಿಮೂರು ಹದಿನಾಲ್ಕರಲ್ಲಿ ಗುಂಪಿನೊಳಗೆ ಸ್ಥಾನ ಹಿಡಿಯಲು ಮಾಡಿದ್ದನ್ನು ಬಹಳ ಜನ ಇಪ್ಪತ್ತು ದಾಟುವಷ್ಟರಲ್ಲಿ ಬಿಟ್ಟಿರುತ್ತಾರೆ. ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದಂತೆ, ಕಿರುಕುಳದಲ್ಲಿ ಕಾಡಿಸುವವರು, ಕಾಡಿಸಲ್ಪಡುವವರು ಮಾತ್ರ ಇರುವುದಿಲ್ಲ. ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ನಿಲ್ಲುವವರು, ಅಡ್ಡ ಬರುವವರು ಎಲ್ಲರೂ ಇರುತ್ತಾರೆ. ನಿಮ್ಮ ಮಟ್ಟಿಗೆ ಇದು ಬಹಳ ಮುಖ್ಯ. ಗೃಹಪ್ರವೇಶದಲ್ಲಿ ಆಕೆ ಕಾಡಿಸಲಿಲ್ಲ, ನಿಜ. ನಕ್ಕು ಹುರಿದುಂಬಿಸುವವರ ಜಾಗಕ್ಕೆ ಇಳಿದಿದ್ದಾಳೆ, ಅಡ್ಡ ಬರುವವರ ಜಾಗಕ್ಕೆ ಇನ್ನೂ ಬಂದಿಲ್ಲ. ಮದುವೆಯಾಗುವವಳು ಇರಬೇಕಾದದ್ದು ಅಲ್ಲಿ.

ಈಗ ಕ್ಷಮೆಯ ವಿಷಯ. ‘ಚಿಕ್ಕವರು, ತಮಾಷೆಗೆ, ಬೇಜಾರಾಗಿದ್ರೆ ಸಾರಿ’ ಎಂಬ ವಾಕ್ಯವನ್ನು ಬಿಡಿಸಿ ನೋಡಿ. ಚಿಕ್ಕವರು ಎಂಬುದು ವಯಸ್ಸಿನ ಮೇಲೆ ಹಾಕಿದ್ದು, ತಮಾಷೆ ಎಂಬುದು ಘಟನೆಯನ್ನೇ ಕಿರಿದು ಮಾಡಿದ್ದು, ‘ಆಗಿದ್ರೆ’ ಎಂಬುದು ಆಗಿರಲಿಕ್ಕಿಲ್ಲ ಎಂಬ ಸಂದು. ಏನು ಮಾಡಿದೆ ಎಂಬುದು ಎಲ್ಲೂ ಇಲ್ಲ. ಕ್ಷಮೆಯ ಆರು ಅಂಶಗಳನ್ನು ಹೋಲಿಸಿ 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಕೇಳುವವರಿಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ‘ತಪ್ಪು ನನ್ನದು’ ಎಂದು ಒಪ್ಪಿಕೊಳ್ಳುವುದು, ನಂತರದ್ದು ಸರಿಪಡಿಸುತ್ತೇನೆ ಎನ್ನುವುದು. ‘ಕ್ಷಮಿಸು’ ಎಂದು ಕೇಳಿಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ. ನಮ್ಮಲ್ಲಿ ನಡೆಯುವುದು ತದ್ವಿರುದ್ಧ, ಕ್ಷಮಿಸು ಎಂಬುದೊಂದನ್ನು ಹೇಳಿ ಕೈತೊಳೆದುಕೊಳ್ಳುತ್ತೇವೆ.

ಆದ್ದರಿಂದ ಒಂದು ಕೆಲಸ ಮಾಡಿ. ಮೂರು ಘಟನೆ ಆರಿಸಿಕೊಳ್ಳಿ, ಮೂರೇ. ಒಂದೊಂದನ್ನೂ ಐದಾರು ಸಾಲಿನಲ್ಲಿ ಬರೆಯಿರಿ: ಎಲ್ಲಿ, ಯಾರಿದ್ದರು, ಆಕೆ ಏನು ಮಾಡಿದಳು, ಆಮೇಲೆ ನೀವೇನು ಮಾಡಿದಿರಿ. ಬೈಗುಳ ಬೇಡ, ‘ನೀನು ಯಾವಾಗಲೂ ಹೀಗೆ’ ಎಂಬುದು ಬೇಡ. ವಾರಕ್ಕೆ ಒಂದರಂತೆ ಎದುರು ಕೂತು ಓದಿ. ಫೋನಿನಲ್ಲಿ ಬೇಡ, ಹೋಟೆಲಿನಲ್ಲಂತೂ ಬೇಡ, ಊಟದ ಹೊತ್ತಿಗೆ ಮುಂಚೆ ಬೇಡ. ಓದಲು ಎಷ್ಟು ಹೊತ್ತು ಹಿಡಿದರೂ ಆಕೆ ನಡುವೆ ಪದ ತುಂಬಿಸಕೂಡದು. ಓದಿದ ಮೇಲೆ ಆಕೆಯ ಕೆಲಸ ಒಂದೇ, ಕೇಳಿಸಿಕೊಂಡದ್ದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುವುದು. ಕಾರಣ ಕೊಡುವುದು ಮುಂದಿನ ವಾರಕ್ಕಿರಲಿ. ಒಟ್ಟು ನಲವತ್ತು ನಿಮಿಷ ಮೀರದಿರಲಿ. ಮೀರಿದರೆ ಮಾತು ಸವೆದು ಜಗಳಕ್ಕೆ ತಿರುಗುತ್ತದೆ.

ಎಡವುವುದು ಹೆಚ್ಚಾಗಿ ಎರಡು ಕಡೆ. ಆಕೆ ಅಳುತ್ತಾಳೆ, ನೀವು ಸಮಾಧಾನ ಮಾಡಲು ಹೋಗುತ್ತೀರಿ, ಹತ್ತು ನಿಮಿಷದಲ್ಲಿ ನೋವು ಪಟ್ಟವಳು ಆಕೆಯೇ ಆಗಿಬಿಡುತ್ತಾಳೆ. ಆಗ ‘ನೀರು ಕುಡಿ, ಐದು ನಿಮಿಷ ಬಿಟ್ಟು ಮುಂದುವರಿಸೋಣ’ ಎನ್ನಿ. ಅಷ್ಟು ಸಾಕು. ಎರಡನೆಯದು, ‘ನಂಗೆ ಅದು ನೆನಪೇ ಇಲ್ಲ ಕಣೋ.’ ಇದು ಸುಳ್ಳಾಗಿರಬೇಕಿಲ್ಲ. ನಿಮಗೆ ಅದು ಹೊಟ್ಟೆನೋವು ತಂದ ಸೋಮವಾರ, ಆಕೆಗೆ ಸುಮ್ಮನೆ ಒಂದು ಸೋಮವಾರ. ನೋಡಬೇಕಾದದ್ದು ಅದರ ಮುಂದಿನ ವಾಕ್ಯವನ್ನು. ‘ನೆನಪಿಲ್ಲ, ಆದ್ರೆ ನೀನು ಹೇಳ್ತಿರೋದನ್ನ ನಂಬ್ತೀನಿ, ಎಣಿಸಿದ್ದು ನಾನೇ’ ಅಂದರೆ ದಾರಿ ತೆರೆಯಿತು. ‘ನೆನಪಿಲ್ಲ, ನೀನು ದೊಡ್ಡದು ಮಾಡ್ತಿದೀಯ’ ಅಂದರೆ, ಮತ್ತು ಎರಡನೇ ವಾರವೂ ಅದನ್ನೇ ಅಂದರೆ, ಮದುವೆಯ ಮಾತು ನಿಲ್ಲಿಸಿ.

ಹತ್ತು ಜನರೆದುರು ಆದ ಅವಮಾನಕ್ಕೆ ಇನ್‌ಬಾಕ್ಸಿನಲ್ಲಿ ಕೇಳಿದ ಕ್ಷಮೆ ಸಾಲುವುದಿಲ್ಲ. ಉದ್ದದ ತಪ್ಪೊಪ್ಪಿಗೆ ಬೇಕಿಲ್ಲ, ಅದು ಇನ್ನೊಂದು ನಾಟಕವಾಗುತ್ತದೆ. ‘ಆ ಹೆಸರು ಇಟ್ಟಿದ್ದು ನಾನು, ಅದು ತಪ್ಪು. ಇನ್ಮೇಲೆ ಯಾರೂ ಹಾಗೆ ಕರೀಬೇಡಿ’ ಎಂದು ಗ್ರೂಪಿನಲ್ಲಿ ಆಕೆಯೇ ಹಾಕಿದರೆ ಸಾಕು. ನೀವು ಬರೆದುಕೊಡಬೇಡಿ, ಕಾಡಿಬೇಡಿ ಹಾಕಿಸಬೇಡಿ. ‘ಆ ಹೆಸರು ನನಗೆ ಈಗಲೂ ಚುಚ್ಚುತ್ತೆ, ನಿನ್ನ ಗೆಳತಿಯರ ಮುಂದೆ ನೀನು ಏನಾದ್ರೂ ಹೇಳ್ಬೇಕು’ ಎಂದು ಒಮ್ಮೆ ಹೇಳಿ ಬಿಡಿ. ಮುಂದಿನ ಸಲ ಯಾರಾದರೂ ಹಾಗೆ ಕರೆದಾಗ ಆಕೆ ಏನು ಮಾಡುತ್ತಾಳೆ ಎಂಬುದು ನಿಮಗೆ ಬೇಕಾದ ಉತ್ತರದ ಮುಕ್ಕಾಲು ಪಾಲು.

ಪೂರಿಯ ವಿಷಯ ಸ್ವಲ್ಪ ಬೇರೆ. ಪದ ತುಂಬಿಸಿಕೊಡುವುದನ್ನು ಉಗ್ಗಿಲ್ಲದ ಎಷ್ಟೋ ಜನ ಸಹಾಯ ಎಂದೇ ತಿಳಿದು ಮಾಡುತ್ತಾರೆ, ಅಮ್ಮಂದಿರೂ ಮಾಡುತ್ತಾರೆ. ಅದು ಕಿರುಕುಳವಲ್ಲ. ಆದರೆ ಎಣಿಕೆಗೆ ಸಿಕ್ಕಿ ಬೆಳೆದವರಿಗೆ ‘ನಿನಗೆ ಕೊಟ್ಟ ಟೈಮ್ ಮುಗೀತು’ ಎಂದಂತೆ ಕೇಳಿಸುತ್ತದೆ. ಇದು ಆಕೆಗೆ ಗೊತ್ತಿರಲಿಕ್ಕಿಲ್ಲ, ನೇರವಾಗಿ ಹೇಳಿ: ಮುಖ ನೋಡ್ತಾ ಕಾಯಿ, ಪದ ಹೇಳಿಕೊಡಬೇಡ. ಇದು ಒಂದೆರಡು ಬಾರಿ ಹೇಳಿದರೆ ಸರಿಹೋಗುವಂಥದ್ದು. ಹೇಳಿದ ಮೇಲೂ ತಿಂಗಳುಗಟ್ಟಲೆ ನಡೆದರೆ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಆಕೆ ಅತ್ತಾಗ ನಿಮಗೆ ಸಮಾಧಾನವಾದದ್ದಕ್ಕೆ ನಾಚಿಕೆ ಬೇಡ. ನೋವು ಕೊನೆಗೂ ಕೊಟ್ಟವರಿಗೆ ತಲುಪಿತು ಎಂಬ ನೆಮ್ಮದಿ ಅದು. ಆದರೆ ಆ ನೆಮ್ಮದಿಗೋಸ್ಕರ ಮತ್ತೆ ಮತ್ತೆ ಅಳಿಸಬೇಕೆನಿಸಿದರೆ ಹುಷಾರು. ಗ್ಯಾಸ್ ಬುಕ್ ಮಾಡಲು ಮರೆತದ್ದಕ್ಕೂ ‘ನೀನು ಅವತ್ತು ಎಣಿಸಿದವಳಲ್ವಾ’ ಎಂದು ಹಳೇ ಬಾಕಿ ತೆಗೆಯುವ ಗಂಡಂದಿರಿದ್ದಾರೆ. ಆಗ ಬಲದ ತಕ್ಕಡಿ ನಿಮ್ಮ ಕಡೆ ವಾಲುತ್ತದೆ, ಕಾಡಿಸುವವರು ಬದಲಾಗುತ್ತಾರೆ, ಕಾಟ ಹಾಗೇ ಇರುತ್ತದೆ. ಮೂರು ವಾರದ ಮಾತುಕತೆ ಮುಗಿದ ಮೇಲೆ ಬೇರೆ ಜಗಳಗಳೊಳಗೆ ಆ ಮೂರು ಘಟನೆಗಳನ್ನು ತರಬಾರದು ಎಂದು ನೀವೂ ಒಪ್ಪಿಕೊಳ್ಳಬೇಕು. ನೋವು ಮತ್ತೆ ಏಳಬಹುದು, ಆಗ ಅದನ್ನೇ ಹೆಸರಿಟ್ಟು ಹೇಳಿ. ಬೇರೆ ಜಗಳಕ್ಕೆ ಕಲ್ಲಾಗಿ ಬಳಸಬೇಡಿ.

ಶ್ರಾವಣದಲ್ಲಿ ಮಾತುಕತೆ ಎಂಬುದು ನನಗೆ ಅವಸರ ಎನಿಸುತ್ತದೆ. ಮನೆಯವರು ಒಮ್ಮೆ ಕೂತು ತಾಂಬೂಲ ಬದಲಾಯಿಸಿದ ಮೇಲೆ ಹಿಂದೆ ಸರಿಯುವುದು ನಮ್ಮ ಕಡೆ ಎಷ್ಟು ಕಷ್ಟ ಎಂದು ನಿಮಗೆ ಗೊತ್ತು. ಛತ್ರದಲ್ಲಿ ಅದೇ ಬ್ಯಾಚಿನ ಮೂವತ್ತು ಜನ ಇರುತ್ತಾರೆ, ಯಾರೋ ಒಬ್ಬ ಮೈಕು ಹಿಡಿಯುತ್ತಾನೆ. ಆರು ತಿಂಗಳು ಮುಂದೂಡಿ. ಮುಂದೂಡುವುದರಲ್ಲೂ ಅಪಾಯವಿದೆ: ಆಕೆಯ ಮನೆಯಲ್ಲಿ ಬೇರೆ ಗಂಡು ನೋಡಲು ಶುರುಮಾಡಬಹುದು, ಆಕೆಗೆ ಇದು ಸೇಡು ಎನಿಸಬಹುದು. ಅದಕ್ಕೇ ‘ನೋಡೋಣ’ ಎನ್ನದೆ ತಿಂಗಳನ್ನು ಹೆಸರಿಸಿ ಹೇಳಿ, ಈ ಅವಧಿಯಲ್ಲಿ ಏನೇನು ಆಗಬೇಕು ಎಂಬುದನ್ನೂ ಹೇಳಿ. ಪ್ರತಿ ಭೇಟಿಯ ನಂತರ ಒಂದು ನೋಟ್‌ಬುಕ್ಕಿನಲ್ಲಿ ಗಂಟಲಿನ ಬಿಗಿ ಎಷ್ಟು, ಸೊನ್ನೆಯಿಂದ ಹತ್ತರೊಳಗೆ, ಯಾರ್‍ಯಾರಿದ್ದರು, ಆ ರಾತ್ರಿ ನಿದ್ದೆ ಹೇಗಿತ್ತು ಎಂದು ಬರೆದಿಡಿ. ಇಬ್ಬರೇ ಇದ್ದಾಗ ಎರಡು, ಜನರಿದ್ದಾಗ ಎಂಟು ಎಂದು ಬರುತ್ತಿದ್ದು, ಮೂರು ತಿಂಗಳಲ್ಲಿ ಆ ಎಂಟು ಇಳಿಯತೊಡಗಿದರೆ ಕೆಲಸ ಸಾಗುತ್ತಿದೆ ಎಂದರ್ಥ. ಇಬ್ಬರೇ ಇದ್ದಾಗಲೂ ಏರುತ್ತಿದ್ದರೆ ಬಿಡುವುದೇ ಒಳ್ಳೆಯದು. ಬಿಡುವುದಾದರೆ ಒಂದೇ ಭೇಟಿಯಲ್ಲಿ, ಆಕೆಯ ಮೇಲೆ ತೀರ್ಪು ಕೊಡದೆ, ‘ನನ್ನ ಮೈ ಒಪ್ಪುತ್ತಿಲ್ಲ’ ಎಂದು ಹೇಳಿ. ಆ ಗ್ರೂಪಿನಿಂದಲೂ ಹೊರಗೆ ಬನ್ನಿ. ಕಾಡಿಸಿದವಳನ್ನು ಕ್ಷಮಿಸಿಯೂ ಮದುವೆಯಾಗದಿರಬಹುದು, ಅವೆರಡೂ ಬೇರೆ ಬೇರೆ.

ಸಮಾಲೋಚಕರ ಬಳಿ ಹೋಗುವುದಾದರೆ ಮೊದಲ ಎರಡು ಮೂರು ಭೇಟಿಗೆ ನೀವೊಬ್ಬರೇ ಹೋಗಿ. ಜೋಡಿಯಾಗಿ ಕೂತಾಗ ಸಲೀಸಾಗಿ ಮಾತಾಡುವವರೇ ಹೊತ್ತನ್ನೆಲ್ಲ ತೆಗೆದುಕೊಳ್ಳುತ್ತಾರೆ, ಉಗ್ಗಿರುವವರ ಪಾಲಿಗೆ ಇನ್ನೂ ಹೆಚ್ಚು. ಮೊದಲೇ ಫೋನಿನಲ್ಲಿ ನನಗೆ ಉಗ್ಗಿದೆ ಎಂದು ತಿಳಿಸಿದರೆ ಸಮಯ ಹೆಚ್ಚು ಇಟ್ಟುಕೊಳ್ಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೇವೆ ಇದೆ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಯಸ್ಕರ ಉಗ್ಗಿಗೂ ಚಿಕಿತ್ಸೆ ಕೊಡುತ್ತಾರೆ. ಪೂರ್ತಿ ಹೋಗಿಸುತ್ತೇವೆ ಎಂದು ಜಾಹೀರಾತು ಕೊಡುವವರ ಹತ್ತಿರ ಮಾತ್ರ ಹೋಗಬೇಡಿ. ನಿದ್ದೆ ಕೆಟ್ಟು ಬದುಕೇ ಸಾಕೆನಿಸುವ ರಾತ್ರಿ ಬಂದರೆ ಕಾಯದೆ 14416ಕ್ಕೆ ಕರೆ ಮಾಡಿ. ಟೆಲಿ ಮನಸ್ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಅಮ್ಮನಿಗೆ ಹೇಳಬೇಕೆ? ಮದುವೆ ಆಗುವುದಾದರೆ ಹೇಳಲೇಬೇಕು, ಮತ್ತು ನೀವೇ ಹೇಳಬೇಕು. ಛತ್ರದಲ್ಲಿ ಬೇರೆಯವರ ಬಾಯಿಂದ ಕೇಳಿದರೆ ಸೊಸೆಯ ಮೇಲಿನ ಸಿಟ್ಟು ಎಷ್ಟೋ ವರ್ಷ ಉಳಿಯುತ್ತದೆ. ಆದರೆ ಈಗಲೇ ಬೇಡ. ಮೂರು ಘಟನೆಯ ಮಾತುಕತೆ ಮುಗಿದು, ಗ್ರೂಪಿನಲ್ಲಿ ಆಕೆ ಬರೆಯಬೇಕಾದ್ದನ್ನು ಬರೆದ ಮೇಲೆ ಹೇಳಿ. ಹೇಳುವಾಗ ಸೋಮವಾರದ ಹೊಟ್ಟೆನೋವಿನಿಂದ ಶುರುಮಾಡಿ. ಡಾಕ್ಟರಿಗೂ ಸಿಗದಿದ್ದ ಆ ಕಾಯಿಲೆ ಏನಾಗಿತ್ತು ಎಂದು ಅಮ್ಮನಿಗೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ.